ಶನಿವಾರದ ಪಂದ್ಯ ಭಾನುವಾರಕ್ಕೆ ಹಾರಿದ್ದು ಹೇಗೆ? ಕಿಕ್‌ಆಫ್ ಸಮಯದ ಹಿಂದಿನ ಟಿವಿ ಲೆಕ್ಕ

ಶಾಂತಿನಗರ 7

ಇಂಗ್ಲೆಂಡಿನ ಫುಟ್‌ಬಾಲ್ ಪ್ರೀಮಿಯರ್ ಲೀಗ್ ವೇಳಾಪಟ್ಟಿ ಜೂನ್‌ನಲ್ಲಿ ಬಂದಾಗ ಹೆಚ್ಚುಕಮ್ಮಿ ಎಲ್ಲ ಪಂದ್ಯಗಳೂ ಶನಿವಾರ, ನಮ್ಮ ಟೈಮ್ ಸಂಜೆ 7:30. ಈಗ ನೋಡಿದರೆ ನವೆಂಬರ್‌ನ ಒಂದು ಪಂದ್ಯ ಭಾನುವಾರ ರಾತ್ರಿ 10ಕ್ಕೆ ಹೋಗಿದೆ. ಇನ್ನೊಂದು ಸೋಮವಾರ ಮಧ್ಯರಾತ್ರಿ ಕಳೆದು 1:30ಕ್ಕೆ. ಇದನ್ನು ಬದಲಿಸುವವರು ಯಾರು, ಯಾವಾಗ, ಯಾವ ಲೆಕ್ಕದ ಮೇಲೆ? "ಟಿವಿಗೋಸ್ಕರ" ಅಂತ ಒಂದೇ ಮಾತಲ್ಲಿ ಮುಗಿಸಬೇಡಿ. ಒಳಗಿನ ಗಣಿತ ಗೊತ್ತಿದ್ದವರು ಬಿಡಿಸಿ ಹೇಳಿ.

ಕಾರ್ನರ್‌ಫ್ಲ್ಯಾಗ್

ಮೊದಲು ನಿಮ್ಮ 7:30 ಸರಿಮಾಡೋಣ. ನವೆಂಬರ್‌ನಲ್ಲಿ ಇಂಗ್ಲೆಂಡಿನ ಮಧ್ಯಾಹ್ನ 3 ಗಂಟೆ ಅಂದರೆ ನಮಗೆ 8:30, 7:30 ಅಲ್ಲ. ಅಕ್ಟೋಬರ್‌ನ ಕೊನೆಯ ಭಾನುವಾರ ಅವರು ಗಡಿಯಾರ ಒಂದು ಗಂಟೆ ಹಿಂದಕ್ಕಿಡುತ್ತಾರೆ, ಮಾರ್ಚ್‌ನ ಕೊನೆಯ ಭಾನುವಾರ ಮತ್ತೆ ಮುಂದಕ್ಕೆ. ಬೇಸಿಗೆ ಸಮಯದಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ಅಂತರ, ಚಳಿಗಾಲದಲ್ಲಿ ಐದೂವರೆ. ಜೂನ್‌ನಲ್ಲಿ ಪಟ್ಟಿ ನೋಡಿ ಇಡೀ ಸೀಸನ್‌ಗೆ ನಾಲ್ಕೂವರೆ ಕೂಡಿಸಿದರೆ ಆಗುವ ತಪ್ಪು ಇದೇ.

ಇನ್ನು ಯಾರು ಬದಲಿಸುತ್ತಾರೆ ಅನ್ನೋದು. ಜೂನ್ ಪಟ್ಟಿಯಲ್ಲಿ ಗಟ್ಟಿ ಇರುವುದು ಯಾವ ವಾರಾಂತ್ಯ, ಯಾರ ಮೈದಾನ ಇವೆರಡೇ. ಶನಿವಾರ 3 ಗಂಟೆ ಅನ್ನೋದು ತಾತ್ಕಾಲಿಕವಾಗಿ ತುಂಬಿದ ಅಂಕಿ. ಪಂದ್ಯಕ್ಕೆ ಸುಮಾರು ಐದಾರು ವಾರ ಇರುವಾಗ ಪ್ರಸಾರಕರು ತಮ್ಮ ಆಯ್ಕೆ ಕೊಡುತ್ತಾರೆ, ಲೀಗ್ ಪ್ರಕಟಿಸುತ್ತದೆ. ಆಗ ಪಂದ್ಯ ಶುಕ್ರವಾರ ರಾತ್ರಿ 8, ಶನಿವಾರ 12:30, ಶನಿವಾರ 5:30, ಅಪರೂಪಕ್ಕೆ ಶನಿವಾರ ರಾತ್ರಿ 8, ಭಾನುವಾರ 2, ಭಾನುವಾರ 4:30, ಸೋಮವಾರ ರಾತ್ರಿ 8, ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಹೋಗಿ ಕೂರುತ್ತದೆ. ಎಲ್ಲವೂ ಅಲ್ಲಿನ ಗಡಿಯಾರ.

ಪ್ರಸಾರಕರು ಕೊಂಡಿರುವುದು ನಿರ್ದಿಷ್ಟ ಪಂದ್ಯಗಳನ್ನಲ್ಲ, ಸ್ಲಾಟ್‌ಗಳನ್ನು. ಇದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. 2025ರಿಂದ 2029ರವರೆಗಿನ ಬ್ರಿಟನ್ ಒಪ್ಪಂದದಲ್ಲಿ ಶನಿವಾರ 12:30ರ ಸ್ಲಾಟ್ ಟಿಎನ್‌ಟಿ ಸ್ಪೋರ್ಟ್ಸ್ ಚಾನೆಲ್‌ನದು, ಸೀಸನ್‌ಗೆ 52 ಪಂದ್ಯ. ಇನ್ನೊಂದು ಚಾನೆಲ್ ಸ್ಕೈ ಬಳಿ ಕನಿಷ್ಠ 215. ನಾಲ್ಕು ವರ್ಷಕ್ಕೆ ಒಟ್ಟು 670 ಕೋಟಿ ಪೌಂಡ್. 1992ರಲ್ಲಿ ಸ್ಕೈ ಮೊದಲ ಒಪ್ಪಂದ ಮಾಡಿಕೊಂಡಾಗ ಐದು ವರ್ಷಕ್ಕೆ 30.4 ಕೋಟಿ ಪೌಂಡ್ ಅಂತ ಲೆಕ್ಕ, ವರ್ಷಕ್ಕೆ ನೇರ ಪ್ರಸಾರ 60 ಪಂದ್ಯ ಮಾತ್ರ. ಅರವತ್ತಿದ್ದಾಗ ಪಂದ್ಯದ ದಿನ ಬದಲಾದರೆ ಸುದ್ದಿ. ಇನ್ನೂರು ದಾಟಿದ ಮೇಲೆ ಬದಲಾಗದೆ ಶನಿವಾರ 3ಕ್ಕೇ ಉಳಿದರೆ ಸುದ್ದಿ.

ಕುಡ್ಲದ ಕೀಪರ್

ಇದರಲ್ಲಿ ಒಂದು ತಮಾಷೆ ಉಂಟು ಮಾರಾಯ್ರೆ. ಶನಿವಾರ 3 ಗಂಟೆಗೆ ಉಳಿಯುವ ಪಂದ್ಯವನ್ನು ಇಂಗ್ಲೆಂಡಿನವನು ತನ್ನ ಮನೆಯ ಟಿವಿಯಲ್ಲಿ ನೇರ ನೋಡುವ ಹಾಗಿಲ್ಲ. ಸುರತ್ಕಲ್‌ನಲ್ಲಿ ಕೂತವ ಆರಾಮಾಗಿ ನೋಡಬಹುದು. ಅದು ಎಂತಕ್ಕೆ ಅಂತ ಯಾರಾದರೂ ಹೇಳಿ. ನಾನು ಹೇಳಿದರೆ ಅರ್ಧ ಹೇಳ್ತೇನೆ.

ಹಳೇ ಚರ್ಮದ ಚೆಂಡು

ಶನಿವಾರ ಮಧ್ಯಾಹ್ನ 2:45ರಿಂದ 5:15ರವರೆಗೆ ಬ್ರಿಟನ್‌ನಲ್ಲಿ ಫುಟ್‌ಬಾಲ್ ನೇರ ಪ್ರಸಾರ ನಿಷಿದ್ಧ. ಬೀಜ ಬಿತ್ತಿದ್ದು 1960ರ ದಶಕದಲ್ಲಿ, ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್. ದೊಡ್ಡ ಕ್ಲಬ್ಬಿನ ಪಂದ್ಯ ಟಿವಿಯಲ್ಲಿ ಬಂದರೆ ಪಕ್ಕದ ಊರಿನ ಸಣ್ಣ ಕ್ಲಬ್ಬಿನ ಗೇಟ್ ಕಲೆಕ್ಷನ್ ಬೀಳುತ್ತದೆ ಅನ್ನೋದು ಅವರ ವಾದ. ಈಗ ಅದು ಯುರೋಪಿನ ಫುಟ್‌ಬಾಲ್ ಒಕ್ಕೂಟವಾದ ಯುಯೆಫಾದ ನಿಯಮಾವಳಿಯ 48ನೇ ವಿಧಿಯಲ್ಲಿ ಕೂತಿದೆ: ಪ್ರತಿ ದೇಶದ ಸಂಸ್ಥೆ ವಾರಾಂತ್ಯದಲ್ಲಿ ಎರಡೂವರೆ ಗಂಟೆ ಆರಿಸಿಕೊಂಡು ನೇರ ಪ್ರಸಾರಕ್ಕೆ ಬಾಗಿಲು ಹಾಕಬಹುದು. ಯುರೋಪಿನ ಬಹುಪಾಲು ದೇಶಗಳಿಗೆ ಅದು ಬೇಡವಾಗಿದೆ, ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಬಿಟ್ಟಿಲ್ಲ.

ಈಗ ಮೇಲಿನ ಸ್ಲಾಟ್‌ಗಳನ್ನು ಇದರ ಪಕ್ಕ ಇಟ್ಟು ನೋಡಿ. 12:30ಕ್ಕೆ ಶುರುವಾದದ್ದು 2:45ರ ಒಳಗೆ ಮುಗಿಯುತ್ತದೆ. 5:30ರದ್ದು 5:15 ಕಳೆದ ಮೇಲೆ ಶುರು. ಶನಿವಾರದ ಟಿವಿ ಪಂದ್ಯಗಳು ಆ ಗೋಡೆಯ ಎರಡು ಬದಿಗೆ ಅಂಟಿಕೊಂಡು ನಿಂತಿವೆ ಅಷ್ಟೇ. 2000ರ ದಶಕದಲ್ಲಿ ಮಧ್ಯಾಹ್ನದ ಪಂದ್ಯ 12:45ಕ್ಕಿತ್ತು, ಸಂಜೆಯದು ಸರಿಯಾಗಿ 5:15ಕ್ಕೆ. ಗೋಡೆಗೆ ಬೆನ್ನು ತಾಗಿಸಿಕೊಂಡೇ.

ಈ ನಿಷೇಧ ಬ್ರಿಟನ್ ಒಳಗಿನ ಪ್ರಸಾರಕ್ಕೆ ಮಾತ್ರ. ಹೊರದೇಶಕ್ಕೆ 380 ಪಂದ್ಯಗಳೂ ಮಾರಾಟವಾಗುತ್ತವೆ. ಹಾಗಾಗಿ ಕ್ಯಾಮೆರಾಗಳು ಎಲ್ಲ ಮೈದಾನದಲ್ಲೂ ಇರುತ್ತವೆ, ಚಿತ್ರ ದ್ವೀಪ ದಾಟಿ ಹೋಗುತ್ತದೆ, ಮೈದಾನದ ಎದುರಿನ ಪಬ್ಬಿಗೆ ಮಾತ್ರ ಬರುವುದಿಲ್ಲ. ಇದೇ ಕಾರಣಕ್ಕೆ ಪೋರ್ಟ್ಸ್‌ಮತ್‌ನ ಒಂದು ಪಬ್ಬಿನಲ್ಲಿ ಗ್ರೀಸ್‌ನ ಡಿಕೋಡರ್ ಕಾರ್ಡ್ ಹಾಕಿ ಪಂದ್ಯ ತೋರಿಸಿದ್ದು ಯುರೋಪಿನ ನ್ಯಾಯಾಲಯದವರೆಗೆ ಹೋಯಿತು. 2011ರ ಅಕ್ಟೋಬರ್ 4ರ ತೀರ್ಪು. ವಿದೇಶಿ ಕಾರ್ಡ್ ಬಳಸುವುದನ್ನೇ ನಿಷೇಧಿಸಲಾಗದು ಅಂತ ಪಬ್ಬಿನ ಪರವಾಗಿ ಒಂದು ಭಾಗ, ಲೀಗ್‌ನ ಲಾಂಛನ, ಸಂಗೀತ, ಗ್ರಾಫಿಕ್ಸ್ ಇವುಗಳ ಮೇಲೆ ಹಕ್ಕುಸ್ವಾಮ್ಯ ಇದೆ ಅಂತ ಲೀಗ್‌ನ ಪರವಾಗಿ ಇನ್ನೊಂದು ಭಾಗ. ಇಬ್ಬರೂ ಗೆದ್ದೆವು ಅಂತಲೇ ಹೇಳಿಕೊಂಡರು.

3 ಗಂಟೆಯೇ ಯಾಕೆ ಅಂದರೆ ಅದು ಟಿವಿಗಿಂತ ನೂರು ವರ್ಷ ಹಳೆಯದು. 1850ರ ಕಾರ್ಖಾನೆ ಕಾಯ್ದೆ ಬಟ್ಟೆ ಗಿರಣಿಗಳಲ್ಲಿ ಶನಿವಾರದ ಕೆಲಸಕ್ಕೆ ಮಧ್ಯಾಹ್ನ 2 ಗಂಟೆಯ ಮಿತಿ ಹಾಕಿತು. ಗಿರಣಿ ಬಿಟ್ಟವರು ನೇರ ಮೈದಾನಕ್ಕೆ. ಫ್ಲಡ್‌ಲೈಟ್ ಅಡಿ ಮೊದಲ ಲೀಗ್ ಪಂದ್ಯ ನಡೆದದ್ದೇ 1956ರ ಫೆಬ್ರವರಿಯಲ್ಲಿ, ಪೋರ್ಟ್ಸ್‌ಮತ್ – ನ್ಯೂಕ್ಯಾಸಲ್. ಅಲ್ಲಿಯವರೆಗೆ ಡಿಸೆಂಬರ್ ಪಂದ್ಯಗಳನ್ನು ಕತ್ತಲಿಗೆ ಹೆದರಿ ಇನ್ನೂ ಬೇಗ ಶುರುಮಾಡುತ್ತಿದ್ದರು.

ಟಿವಿಗಾಗಿ ಸಮಯ ಬದಲಿಸಿದ ಮೊದಲ ಪ್ರಯೋಗ 1960ರ ಸೆಪ್ಟೆಂಬರ್ 10, ಬ್ಲ್ಯಾಕ್‌ಪೂಲ್ – ಬೋಲ್ಟನ್, ಐಟಿವಿಯಲ್ಲಿ. ಮಧ್ಯಾಹ್ನದ ಪಂದ್ಯವನ್ನು ಸಂಜೆಗೆ ಎಳೆದರು. ಮುಂದಿನ ಪಂದ್ಯಗಳಿಗೆ ಆರ್ಸೆನಲ್, ಟಾಟನ್‌ಹ್ಯಾಮ್ ಒಪ್ಪಲಿಲ್ಲ, ಯೋಜನೆ ಬಿದ್ದುಹೋಯಿತು. ಮತ್ತೆ ಲೀಗ್ ಪಂದ್ಯ ನೇರವಾಗಿ ಟಿವಿಗೆ ಬಂದದ್ದು 1983ರ ಅಕ್ಟೋಬರ್‌ನಲ್ಲಿ. ಟಾಟನ್‌ಹ್ಯಾಮ್ – ನಾಟಿಂಗ್‌ಹ್ಯಾಮ್ ಫಾರೆಸ್ಟ್, ಭಾನುವಾರ.

ಶಾಂತಿನಗರ 7

ಹಾಗಾದರೆ ಕೋವಿಡ್ ಸಮಯದಲ್ಲಿ ಎಲ್ಲ ಪಂದ್ಯ ತೋರಿಸಿದರಲ್ಲ?

ಹಳೇ ಚರ್ಮದ ಚೆಂಡು

ತೋರಿಸಿದರು. 2020ರ ಜೂನ್‌ನಲ್ಲಿ ಲೀಗ್ ಮತ್ತೆ ಶುರುವಾದಾಗ ಉಳಿದಿದ್ದ 92 ಪಂದ್ಯಗಳೂ ಬ್ರಿಟನ್‌ನಲ್ಲಿ ನೇರ ಬಂದವು. ಮೈದಾನಕ್ಕೆ ಜನರನ್ನೇ ಬಿಡದಿದ್ದಾಗ ಗೇಟ್ ಕಲೆಕ್ಷನ್ ಕಾಪಾಡುವ ನಿಯಮಕ್ಕೆ ಅರ್ಥ ಎಲ್ಲಿ? ಅದೇ ಅಕ್ಟೋಬರ್‌ನಲ್ಲಿ ಹೆಚ್ಚುವರಿ ಪಂದ್ಯಗಳಿಗೆ ತಲಾ 14.95 ಪೌಂಡ್ ಕೇಳಿದರು, ಜನ ಉಗಿದರು, ನವೆಂಬರ್‌ನಲ್ಲಿ ಕೈಬಿಟ್ಟರು. ಜನ ಮೈದಾನಕ್ಕೆ ಮರಳಿದ ಮೇಲೆ ಗೋಡೆಯೂ ಮರಳಿತು.

ಓಬಿ ವ್ಯಾನ್

ಸ್ಲಾಟ್ ಉದ್ದದ ಲೆಕ್ಕ ಯಾರೂ ಹಾಕಿಲ್ಲ, ನಾನು ಹಾಕುತ್ತೇನೆ.

ಮೊದಲಾರ್ಧ 45, ಮೇಲೆ 4. ವಿರಾಮ 15. ಎರಡನೇ ಅರ್ಧ 45, ಮೇಲೆ 7. ಒಟ್ಟು 116 ನಿಮಿಷ. ಭಾನುವಾರ 2:00ಕ್ಕೆ ಶುರುವಾದದ್ದು 3:56ಕ್ಕೆ ಮುಗಿಯಿತು ಅನ್ನಿ. 4:30ಕ್ಕೆ ಮುಂದಿನದು. ನಡುವೆ 34 ನಿಮಿಷ. ಅಷ್ಟರಲ್ಲಿ ಮೈದಾನದಂಚಿನ ಸಂದರ್ಶನ, ಸ್ಟುಡಿಯೊ ವಿಶ್ಲೇಷಣೆ, ಜಾಹೀರಾತಿನ ಎರಡು ಮೂರು ಗೊಂಚಲು, ಮುಂದಿನ ಪಂದ್ಯದ ತಂಡಗಳ ಪರಿಚಯ. ಚಾನೆಲ್‌ಗೆ ಹಣ ಬರುವ ಜಾಗ ಇದು. ಆಟ ನಡೆಯುವಾಗ ಜಾಹೀರಾತು ಹಾಕುವಂತಿಲ್ಲವಲ್ಲ.

ಸ್ಪೇನ್‌ನ ಲಾ ಲಿಗಾ ಇನ್ನೂ ಬಿಗಿ. ಶನಿವಾರ, ಭಾನುವಾರ ಅಲ್ಲಿನ ಸಮಯ 14:00, 16:15, 18:30, 21:00. ಮೊದಲ ಮೂರರ ನಡುವೆ ಎರಡೂ ಕಾಲು ಗಂಟೆ ಮಾತ್ರ. ಅಂದರೆ ಉಳಿಯುವುದು 19 ನಿಮಿಷ. ವಿಎಆರ್ (ವಿಡಿಯೊ ರೆಫರಿ) ಪರಿಶೀಲನೆ ಎರಡು ಬಂದು, ಒಬ್ಬನ ತಲೆಗೆ ಪೆಟ್ಟಾದರೆ ಆ 19ರಲ್ಲಿ ಹತ್ತು ಹೋಯಿತು. 2022ರ ಕತಾರ್ ವಿಶ್ವಕಪ್‌ನಿಂದ ಹೆಚ್ಚುವರಿ ಸಮಯ ಧಾರಾಳವಾಗಿ ಕೊಡತೊಡಗಿದ ಮೇಲೆ ಈ ಬಿಗಿ ಸ್ಲಾಟ್‌ಗಳಿಗೆ ಉಸಿರು ಕಟ್ಟಿತು. ಒಂದು ಪಂದ್ಯ ಎಳೆದರೆ ಮುಂದಿನದು ಕಾಯುವುದಿಲ್ಲ ಅನ್ನೋದು ನೆನಪಿರಲಿ. ಚಾನೆಲ್ ಎರಡನೆಯದನ್ನು ಇನ್ನೊಂದು ನಂಬರಿನಲ್ಲಿ ಶುರುಮಾಡುತ್ತದೆ. ಕಿಕ್‌ಆಫ್ ತಡೆಯುವ ಅಧಿಕಾರ ಇರುವುದು ರೆಫರಿ, ಪೊಲೀಸ್ ಮತ್ತು ಸಂಘಟಕರಿಗೆ. ಪೊಲೀಸರು ತಡೆಯುವುದು ಸಾಮಾನ್ಯವಾಗಿ ಹೊರಗೆ ಗೇಟಿನಲ್ಲಿ ನೂಕುನುಗ್ಗಲು ಇದ್ದಾಗ.

ಸೆಕೆಂಡಿನ ಶಿಸ್ತು ಎಷ್ಟು ಅಂದರೆ, ತಂಡದ ಪಟ್ಟಿ ಪಂದ್ಯಕ್ಕೆ 75 ನಿಮಿಷ ಮೊದಲು ಹೊರಬೀಳಬೇಕು, ಆಮೇಲೆ ವಾರ್ಮ್‌ಅಪ್ ಮುಗಿಸುವುದು, ಸುರಂಗದಲ್ಲಿ ಸಾಲು ನಿಲ್ಲುವುದು, ಹೊರಗೆ ಕಾಲಿಡುವುದು, ಪ್ರತಿಯೊಂದಕ್ಕೂ ಇಂತಿಷ್ಟು ನಿಮಿಷಕ್ಕೆ ಅಂತ ಹಾಳೆ ಇರುತ್ತದೆ. ಮ್ಯಾಂಚೆಸ್ಟರ್ ಸಿಟಿ ಎರಡು ಸೀಸನ್‌ಗಳಲ್ಲಿ 22 ಸಲ ಶುರುವಿಗೋ ವಿರಾಮದ ನಂತರವೋ ತಡವಾಗಿ ಬಂತು ಅಂತ 2024ರ ಆಗಸ್ಟ್‌ನಲ್ಲಿ ಪ್ರೀಮಿಯರ್ ಲೀಗ್ 20.9 ಲಕ್ಷ ಪೌಂಡ್ ದಂಡ ಹಾಕಿತು. ಅದರಲ್ಲಿ ಅತಿ ಉದ್ದದ ತಡ 2 ನಿಮಿಷ 46 ಸೆಕೆಂಡ್. ಮೂರು ನಿಮಿಷಕ್ಕೂ ಕಡಿಮೆ! ಹತ್ತು ಕಡೆ ಏಕಕಾಲಕ್ಕೆ ಆಡುವ ದಿನ ಒಬ್ಬರಿಗೆ ಬೇರೆಯವರ ಫಲಿತಾಂಶ ಮೊದಲೇ ತಿಳಿಯಬಾರದು ಅನ್ನೋದೂ ಇದರ ಹಿಂದಿದೆ.

ಬೆಳಕಿನ ವಿಷಯ ಒಂದು ಸೇರಿಸುತ್ತೇನೆ. ಡಿಸೆಂಬರ್‌ನಲ್ಲಿ ಉತ್ತರ ಇಂಗ್ಲೆಂಡಿನಲ್ಲಿ 4 ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. 12:30ರ ಪಂದ್ಯದಲ್ಲಿ ಸೂರ್ಯ ದಕ್ಷಿಣದಲ್ಲಿ ತೀರಾ ಕೆಳಗೆ, ಮುಖ್ಯ ಸ್ಟ್ಯಾಂಡಿನ ನೆರಳು ಮೈದಾನವನ್ನು ಉದ್ದಕ್ಕೆ ಸೀಳಿರುತ್ತದೆ. ಚೆಂಡು ನೆರಳಿಂದ ಬಿಸಿಲಿಗೆ ಹೋದಾಗಲೆಲ್ಲ ಕ್ಯಾಮೆರಾದ ಐರಿಸ್ ತೆರೆದು ಮುಚ್ಚಬೇಕು. ಮುಖ್ಯ ಕ್ಯಾಮೆರಾದ ಚಿತ್ರದಲ್ಲಿ ಬಿಸಿಲಿನ ಭಾಗ ಬಿಳಿಚಿಕೊಂಡು, ನೆರಳಿನ ಭಾಗ ಕಪ್ಪಾಗಿ ಕಾಣುವುದು ಈ ಕಾರಣಕ್ಕೆ. ರಾತ್ರಿ 8ರ ಪಂದ್ಯದಲ್ಲಿ ಈ ರಗಳೆಯಿಲ್ಲ, ಫ್ಲಡ್‌ಲೈಟ್ ಎಲ್ಲೆಡೆ ಒಂದೇ ಸಮ.

ಬೆಳಗಾವಿ ಲೆಫ್ಟ್‌ಬ್ಯಾಕ್

ಇಂಗ್ಲೆಂಡ್ ಅಷ್ಟ ಅಲ್ರಿ, ವಿಶ್ವಕಪ್ ನೋಡ್ರಿ. 1986ರಾಗ ಮೆಕ್ಸಿಕೊ ಸಿಟಿ ಅಜ್ಟೆಕಾದಾಗ ಫೈನಲ್ ನಡು ಮಧ್ಯಾಹ್ನ 12ಕ್ಕ. ಸಮುದ್ರ ಮಟ್ಟದಿಂದ 2200 ಮೀಟರ್ ಮ್ಯಾಲೆ, ಜೂನ್ ತಿಂಗಳ ಬಿಸಲು. ಯಾಕಂದ್ರ ಅಲ್ಲಿ 12 ಅಂದ್ರ ಜರ್ಮನಿಯಾಗ ರಾತ್ರಿ 8. ಮರಡೋನಾ, ವಾಲ್ಡಾನೊ ಬಾಯಿ ಬಿಟ್ಟ ತಕರಾರು ಮಾಡಿದ್ರು, ಯಾರ ಕೇಳ್ತಾರ? 1994ರಾಗ ಪಸಡೀನಾದಾಗ ಫೈನಲ್ 12:30ಕ್ಕ, ಅಂದ್ರ ಇಟಲಿಯಾಗ ರಾತ್ರಿ 9:30. ಬ್ರೆಜಿಲ್, ಇಟಲಿ 120 ನಿಮಿಷ ಬಿಸಲಾಗ ಬೆಂದು ಒಂದೂ ಗೋಲ್ ಇಲ್ಲ, ಪೆನಾಲ್ಟಿಗೆ ಹೋತು.

2022 ಕತಾರ್ ನಮಗ ಹಬ್ಬ ಇತ್ತು: 3:30, 6:30, 9:30, 12:30. ಫೈನಲ್ ರಾತ್ರಿ 8:30ಕ್ಕ. 2026 ಉಲ್ಟಾ. ವ್ಯಾಂಕೂವರ್‌ನಾಗ ರಾತ್ರಿ 9ರ ಪಂದ್ಯ ನಮಗ ಮರುದಿನ ಮುಂಜಾನೆ 9:30. ನ್ಯೂಜೆರ್ಸಿ ಫೈನಲ್ ಅಲ್ಲಿ ಮಧ್ಯಾಹ್ನ 3, ಇಲ್ಲಿ ಜುಲೈ 19ರ ರಾತ್ರಿ ಕಳದು 12:30, ಅಂದ್ರ 20ನೇ ತಾರೀಖು. ಅಲ್ಲಿ 3 ಗಂಟೆ ಇಟ್ಟಿದ್ದ ಯಾಕ ಅಂತ ಈಗ ಹೇಳಬೇಕಾಗಿಲ್ಲ, ಯುರೋಪಿನ್ಯಾಗ ಅದು ರಾತ್ರಿ 9.

ಓಬಿ ವ್ಯಾನ್

ಅದಕ್ಕೆ ಇನ್ನೊಂದು ಸೇರಿಸಿ. 2026ರ ವಿಶ್ವಕಪ್‌ಗೆ ಪ್ರತಿ ಅರ್ಧದ 22ನೇ ನಿಮಿಷದ ಸುಮಾರಿಗೆ ಮೂರು ನಿಮಿಷದ ನೀರಿನ ವಿರಾಮ ಎಲ್ಲ ಪಂದ್ಯಕ್ಕೂ ಅಂತ ಫಿಫಾ ಗೊತ್ತುಮಾಡಿತು, ಸೆಖೆ ಇರಲಿ ಇಲ್ಲದಿರಲಿ. ನನ್ನ 116 ನಿಮಿಷಕ್ಕೆ ಆರು ಕೂಡಿಸಿ, 122. ಛಾವಣಿ ಮುಚ್ಚಿ ಏಸಿ ಹಾಕಿದ ಮೈದಾನದಲ್ಲೂ ನೀರಿನ ವಿರಾಮ ಅಂದರೆ ಬಾಯಾರಿಕೆ ಯಾರದು ಅಂತ ಕೇಳಬೇಕಾಗುತ್ತದೆ.

ಲೀಡ್ಸ್ ಕನ್ನಡಿಗ

ಇಲ್ಲಿ ಮೈದಾನಕ್ಕೆ ಹೋಗುವವರ ಕಡೆಯಿಂದ. ಹೊರ ಊರಿನ ಪಂದ್ಯದ ಟಿಕೆಟ್ಟಿಗೆ 2016ರಿಂದ 30 ಪೌಂಡ್ ಮಿತಿ ಇದೆ, ಆದರೆ ಪ್ರಯಾಣದ ಖರ್ಚಿಗೆ ಮಿತಿ ಇಲ್ಲ. ಅಗ್ಗದ ಮುಂಗಡ ರೈಲು ಟಿಕೆಟ್ ಬಿಡುವುದು ಬಹಳ ಸಲ ಟಿವಿ ಆಯ್ಕೆ ಪ್ರಕಟವಾಗುವ ಮೊದಲೇ. ಶನಿವಾರಕ್ಕೆ ಕೊಂಡರೆ ಪಂದ್ಯ ಸೋಮವಾರಕ್ಕೆ ಹೋಗಬಹುದು. ಮುಂಗಡ ಟಿಕೆಟ್‌ಗೆ ಹಣ ವಾಪಸ್ ಇಲ್ಲ, ಶುಲ್ಕ ಮತ್ತು ದರದ ವ್ಯತ್ಯಾಸ ಕಟ್ಟಿ ದಿನ ಬದಲಿಸಬಹುದು ಅಷ್ಟೇ. ಕಾದರೆ ಅಗ್ಗದ್ದು ಮುಗಿದಿರುತ್ತದೆ.

ದೂರದ ಲೆಕ್ಕ ನೋಡಿ. ನ್ಯೂಕ್ಯಾಸಲ್‌ನಿಂದ ಬೋರ್ನ್‌ಮತ್ ಸುಮಾರು 560 ಕಿಲೊಮೀಟರ್. ಸೋಮವಾರ ರಾತ್ರಿ 8ರ ಪಂದ್ಯ 9:56ಕ್ಕೆ ಮುಗಿದು, ಬಸ್ ಪಾರ್ಕಿಂಗ್ ಬಿಟ್ಟು ಹೊರಡುವಾಗ 10:30. ಆರೂವರೆ ಗಂಟೆ ಪ್ರಯಾಣ ಅಂದರೆ ಮನೆಗೆ ಮುಂಜಾವು 5. ರೈಲಿನ ಮಾತೇ ಇಲ್ಲ, ಆ ಹೊತ್ತಿಗೆ ಉತ್ತರಕ್ಕೆ ಹೋಗುವ ರೈಲು ಇರುವುದಿಲ್ಲ.

ಬೆಂಗಳೂರಿನಿಂದ ಒಂದು ಪಂದ್ಯ ನೋಡಲೆಂದೇ ಬರುವವರು ಜೂನ್ ಪಟ್ಟಿ ನೋಡಿ ವಿಮಾನ ಕಾಯ್ದಿರಿಸಬೇಡಿ. ಅನಿವಾರ್ಯವಾದರೆ ಶುಕ್ರವಾರ ಮಧ್ಯಾಹ್ನದೊಳಗೆ ಬಂದಿಳಿದು ಮಂಗಳವಾರ ಹೊರಡುವ ಹಾಗೆ ಇಟ್ಟುಕೊಳ್ಳಿ, ಪಂದ್ಯ ಎಲ್ಲಿಗೆ ಜಾರಿದರೂ ಒಳಗೇ ಇರುತ್ತದೆ. ಹೋಟೆಲ್ ಮಾತ್ರ ರದ್ದು ಮಾಡಬಹುದಾದದ್ದೇ ಆಗಿರಲಿ. ಇನ್ನೆರಡು ಅಪಾಯ: ಆ ತಂಡ ಕಪ್ ಪಂದ್ಯಗಳಲ್ಲಿ ಮುಂದೆ ಹೋದರೆ ಲೀಗ್ ಪಂದ್ಯ ಆ ವಾರಾಂತ್ಯದಿಂದಲೇ ಎದ್ದುಹೋಗಬಹುದು, ವಿಶೇಷವಾಗಿ ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ. ಮತ್ತೆ ಗುರುವಾರ ಯುರೋಪಾ ಲೀಗ್ (ಚಾಂಪಿಯನ್ಸ್ ಲೀಗ್‌ನ ಕೆಳಗಿನ ಯುರೋಪಿನ ಕ್ಲಬ್ ಕೂಟ) ಆಡುವ ತಂಡ ಶನಿವಾರ ಆಡುವುದಿಲ್ಲ, ಭಾನುವಾರ ಅಂತಲೇ ಹಿಡಿಯಿರಿ.

ಕಾರ್ನರ್‌ಫ್ಲ್ಯಾಗ್

ಆ ಗುರುವಾರದ ವಿಷಯ ಎಲ್ಲರೂ ಹೇಳುತ್ತಾರೆ, ಗಂಟೆ ಎಣಿಸುವವರು ಕಡಿಮೆ. ಗುರುವಾರ ರಾತ್ರಿ 8ರಿಂದ ಭಾನುವಾರ ಮಧ್ಯಾಹ್ನ 2ರವರೆಗೆ ಕಿಕ್‌ಆಫ್‌ನಿಂದ ಕಿಕ್‌ಆಫ್‌ಗೆ 66 ಗಂಟೆ. ಬುಧವಾರ ರಾತ್ರಿ 8ಕ್ಕೆ ಚಾಂಪಿಯನ್ಸ್ ಲೀಗ್ ಆಡಿ ಶನಿವಾರ 12:30ಕ್ಕೆ ಇಳಿದರೆ 64 ಗಂಟೆ 30 ನಿಮಿಷ. ಅಂದರೆ ದೊಡ್ಡ ಕೂಟ ಆಡಿದವನಿಗೆ ಇನ್ನೂ ಒಂದೂವರೆ ಗಂಟೆ ಕಡಿಮೆ. ಆಟಗಾರರ ಸಂಘಟನೆ ಕೇಳುವ ಕನಿಷ್ಠ ಅಂತರ 72. ಕೋಚ್ ಕ್ಲಾಪ್ ಲಿವರ್‌ಪೂಲ್‌ನಲ್ಲಿದ್ದಷ್ಟೂ ಕಾಲ 12:30ರ ಮೇಲೆ ಹರಿಹಾಯ್ದದ್ದು ಬರೀ ಸಿಡುಕಲ್ಲ, ಈ ಅಂಕಿ ಅವರ ಜೇಬಿನಲ್ಲಿತ್ತು.

ಕ್ಲಬ್‌ಗಳು ಗೊಣಗುತ್ತವೆ, ಸಹಿ ಹಾಕಿದವರೂ ಅವರೇ. ಬ್ರಿಟನ್ ಪ್ರಸಾರದ ಹಣದಲ್ಲಿ ಅರ್ಧ ಎಲ್ಲರಿಗೂ ಸಮ, ಕಾಲು ಭಾಗ ಅಂಕಪಟ್ಟಿಯ ಸ್ಥಾನದ ಮೇಲೆ, ಇನ್ನುಳಿದ ಕಾಲು ನೀವು ಎಷ್ಟು ಸಲ ಟಿವಿಯಲ್ಲಿ ಬಂದಿರಿ ಅನ್ನೋದರ ಮೇಲೆ ಅಂತ ಹಂಚುವ ಪದ್ಧತಿ. ಸೋಮವಾರ ರಾತ್ರಿ ಬೇಡ ಅಂದರೆ ಆ ಕಾಲು ಭಾಗದಲ್ಲಿ ಒಂದು ತುಂಡು ಬಿಟ್ಟ ಹಾಗೆ.

ಹಳೇ ಚರ್ಮದ ಚೆಂಡು

ಟಿವಿ ಕೇಳಿದ್ದೆಲ್ಲ ಸಿಗುತ್ತದೆ ಅಂತಲೂ ಅಲ್ಲ. 1999ರ ಮೇ 2, ಗ್ಲಾಸ್ಗೊ. ಸೆಲ್ಟಿಕ್ – ರೇಂಜರ್ಸ್ ಪಂದ್ಯವನ್ನು ಸ್ಕೈಗಾಗಿ ಭಾನುವಾರ ಸಂಜೆ 6:05ಕ್ಕೆ ಇಟ್ಟರು. ಅದು ವಾರಾಂತ್ಯದ ರಜೆ, ಅಭಿಮಾನಿಗಳಿಗೆ ಕುಡಿಯಲು ಇಡೀ ದಿನ ಸಿಕ್ಕಿತು. ಸೆಲ್ಟಿಕ್ ಅಂಗಳದಲ್ಲೇ ರೇಂಜರ್ಸ್ 3–0 ಗೆದ್ದು ಪ್ರಶಸ್ತಿ ಎತ್ತಿತು, ರೆಫರಿ ಹ್ಯೂ ಡಲಸ್ ತಲೆಗೆ ಗ್ಯಾಲರಿಯಿಂದ ನಾಣ್ಯ ಬಡಿದು ರಕ್ತ ಬಂತು, ಕೆಲವರು ಮೈದಾನಕ್ಕೇ ನುಗ್ಗಿದರು. ಆಮೇಲೆ ಆ ಪಂದ್ಯ ಮಧ್ಯಾಹ್ನ 12ರ ಆಸುಪಾಸಿಗೆ ಹೋಗಿ ನೆಲೆ ನಿಂತಿತು. ಬದ್ಧವೈರಿಗಳ ಪಂದ್ಯ ಇಷ್ಟು ಬೇಗ ಯಾಕೆ ಅಂತ ಕೇಳುವವರಿಗೆ ಉತ್ತರ: ಬಾರ್ ತೆರೆಯುವುದಕ್ಕೂ ಗೇಟ್ ತೆರೆಯುವುದಕ್ಕೂ ನಡುವೆ ಅಂತರ ಕಡಿಮೆ ಇರಲಿ ಅಂತ.

ಜರ್ಮನಿಯಲ್ಲಿ ಅಭಿಮಾನಿಗಳೇ ಗೆದ್ದರು. 2017–18ರಲ್ಲಿ ಬುಂಡೆಸ್‌ಲಿಗಾ ಸೀಸನ್‌ಗೆ ಐದು ಸೋಮವಾರದ ಪಂದ್ಯ ತಂದಿತು. 2018ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟ್ – ಲೈಪ್‌ಜಿಗ್ ಪಂದ್ಯದಲ್ಲಿ ಟೆನಿಸ್ ಚೆಂಡುಗಳ ಮಳೆ, ಆಟ ನಿಂತಿತು. 2021–22ರಿಂದ ಸೋಮವಾರ ಕಿತ್ತುಹಾಕಿದರು. ಅಲ್ಲಿ ಈಗಲೂ ಶನಿವಾರ 15:30ಕ್ಕೆ ಹಲವು ಪಂದ್ಯ ಒಟ್ಟಿಗೆ, 18:30ಕ್ಕೆ ಒಂದು ದೊಡ್ಡದು.

ಬೆಳಗಾವಿ ಲೆಫ್ಟ್‌ಬ್ಯಾಕ್

ನಮಗೋಸ್ಕರ ಬದಲಾಗಿದ್ದೂ ಐತಿ ಅನ್ರಿ. 2017 ಡಿಸೆಂಬರ್ 23, ಎಲ್ ಕ್ಲಾಸಿಕೊ (ರಿಯಲ್ ಮ್ಯಾಡ್ರಿಡ್ – ಬಾರ್ಸಿಲೋನಾ ಪಂದ್ಯ) ಮ್ಯಾಡ್ರಿಡ್‌ನಾಗ ಮಧ್ಯಾಹ್ನ 1ಕ್ಕ. ನಮಗ ಸಂಜಿ 5:30, ಚೀನಾಕ್ಕ ರಾತ್ರಿ 8. ಬಾರ್ಸಾ 3–0. ಸ್ಪೇನ್‌ನವರಿಗೆ ಅದು ಊಟದ ಹೊತ್ತೂ ಅಲ್ಲ, ಅವರ ಊಟ 2ರ ಮ್ಯಾಲೆ.

ಕುಡ್ಲದ ಕೀಪರ್

ನಮಗೋಸ್ಕರ ಅಂತ ಹೇಳಿದರೂ ಲೆಕ್ಕ ಚೀನಾದ್ದೇ ಇರಬೇಕು. ಭಾರತದ ರಾತ್ರಿ 8ಕ್ಕೆ ಇಡಬೇಕಾದರೆ ಚೀನಾದಲ್ಲಿ 10:30 ಆಗ್ತದೆ.

ಚಾಂಪಿಯನ್ಸ್ ಲೀಗ್ ವಿಷಯ ಯಾರೂ ಎತ್ತಲಿಲ್ಲ. 2018–19ರಿಂದ ಮಧ್ಯ ಯುರೋಪಿನ ಸಮಯ 18:55 ಮತ್ತು 21:00 ಅಂತ ಎರಡು ಹೊತ್ತು, 2021–22ರಿಂದ ಮೊದಲನೆಯದು 18:45. ಚಳಿಗಾಲದಲ್ಲಿ ನಮಗೆ 11:15, 1:30. ಬೆಳಿಗ್ಗೆ ಆಫೀಸ್ ಇದ್ದವನಿಗೆ ಮೊದಲನೆಯದೇ ಗತಿ. 2026ರ ಬುಡಾಪೆಸ್ಟ್ ಫೈನಲ್‌ಗೆ ಸಂಜೆ 6 ಅಂತ ಯುಯೆಫಾ ಇಟ್ಟಿತು, ನಮಗೆ ರಾತ್ರಿ 9:30. ಮೊದಲಿನ ಹಾಗೆ 9ಕ್ಕೆ ಇದ್ದಿದ್ದರೆ 12:30. ಕುಟುಂಬದವರಿಗೆ, ಮೆಟ್ರೊ ಬಸ್ಸಿಗೆ ಅನುಕೂಲ ಅಂತ ಕಾರಣ ಕೊಟ್ಟರು. ಪೂರ್ವದ ಟಿವಿಗೂ ಅನುಕೂಲವಾದ್ದು ಕಾಕತಾಳೀಯ ಅಂತ ನಂಬುವವರು ನಂಬಲಿ.

ಶಾಂತಿನಗರ 7

ಇಷ್ಟೆಲ್ಲ ಹಂಚಿದರೂ ಕೊನೆಯ ದಿನ ಹತ್ತೂ ಪಂದ್ಯ ಒಟ್ಟಿಗೆ ಯಾಕೆ? ಅಲ್ಲಿ ಟಿವಿಗೆ ನಷ್ಟ ಅಲ್ಲವೇ?

ಕಾರ್ನರ್‌ಫ್ಲ್ಯಾಗ್

1982ರ ವಿಶ್ವಕಪ್, ಜೂನ್ 25, ಸ್ಪೇನ್‌ನ ಹಿಹೋನ್. ಅಲ್ಜೀರಿಯಾ ತನ್ನ ಕೊನೆಯ ಪಂದ್ಯವನ್ನು ಹಿಂದಿನ ದಿನವೇ ಆಡಿ ಮುಗಿಸಿತ್ತು. ಹಾಗಾಗಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ ಇಬ್ಬರಿಗೂ ಲೆಕ್ಕ ಗೊತ್ತು: ಜರ್ಮನಿ ಒಂದೋ ಎರಡೋ ಗೋಲಿನಿಂದ ಗೆದ್ದರೆ ಇಬ್ಬರೂ ಮುಂದಕ್ಕೆ. ಹತ್ತನೇ ನಿಮಿಷಕ್ಕೆ ಜರ್ಮನಿಯ ಹ್ರುಬೆಶ್ ಗೋಲ್. ಉಳಿದ 80 ನಿಮಿಷ ಚೆಂಡನ್ನು ಅತ್ತಿತ್ತ ತಳ್ಳುತ್ತಾ ಕಳೆದರು. 1986ರಿಂದ ಗುಂಪಿನ ಕೊನೆಯ ಪಂದ್ಯಗಳು ಏಕಕಾಲಕ್ಕೆ. ಪ್ರೀಮಿಯರ್ ಲೀಗ್‌ನ ಕೊನೆಯ ಭಾನುವಾರ ಹತ್ತೂ ಪಂದ್ಯ ಅಲ್ಲಿ 4ಕ್ಕೆ, ನಮಗೆ 8:30ಕ್ಕೆ. ಟಿವಿಗೆ ನಷ್ಟ ಅಂತ ನನಗನ್ನಿಸುವುದಿಲ್ಲ, ಗೋಲಿಂದ ಗೋಲಿಗೆ ಜಿಗಿಯುವ ಕಾರ್ಯಕ್ರಮ ಬೇರೆಯದೇ ಸರಕು. ಚಾಂಪಿಯನ್ಸ್ ಲೀಗ್ ಹೊಸ ಮಾದರಿಯಲ್ಲಿ 2025ರ ಜನವರಿ 29ರಂದು 18 ಪಂದ್ಯ ಒಂದೇ ಹೊತ್ತಿಗೆ ಬಿಟ್ಟಿತು.

ಕಂಠೀರವ ಗ್ಯಾಲರಿ

ಇಲ್ಲಿಯ ಮಾತು. ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) 2021–22ರಲ್ಲಿ ಶನಿವಾರದ ಎರಡನೇ ಪಂದ್ಯ ರಾತ್ರಿ 9:30ಕ್ಕೆ ಇಟ್ಟಿದ್ದರು. ಎಲ್ಲ ಗೋವಾದ ಬಯೋಬಬಲ್‌ನಲ್ಲಿ, ಗ್ಯಾಲರಿ ಖಾಲಿ, ಕೇಳುವವರಿಲ್ಲ. ಜನ ಮರಳಿದ ಮೇಲೆ 9:30 ಸುಮ್ಮನೆ ಮಾಯ. 2023–24ರಲ್ಲಿ 8 ಗಂಟೆ, ಮರುವರ್ಷ ಮತ್ತೆ 7:30. ಬೆಂಗಳೂರಿಗೆ ಈ ಅರ್ಧ ಗಂಟೆ ದೊಡ್ಡದು: 8ಕ್ಕೆ ಶುರುವಾದರೆ ಮುಗಿಯುವಾಗ 9:55, ಗೇಟಿನಿಂದ ಹೊರಬಂದು ಕಬ್ಬನ್ ಪಾರ್ಕ್ ಮೆಟ್ರೊ ಮುಟ್ಟಿ ಸಾಲಲ್ಲಿ ನಿಂತು ಹತ್ತುವಾಗ 10:30. ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕಾದವರು, ಇಳಿದ ಮೇಲೆ ಬಿಎಂಟಿಸಿ ಬೇಕಾದವರು ಎಣಿಸಿಕೊಳ್ಳಿ.

ಇಂಗ್ಲೆಂಡಿನವರು ಯುರೋಪ್ ಕೂಟ ತಪ್ಪಿಸಿಕೊಂಡು ಸ್ಲಾಟ್ ಹುಡುಕುತ್ತಾರೆ, ಇಲ್ಲಿ ಕ್ರಿಕೆಟ್ ತಪ್ಪಿಸಿಕೊಂಡು. ಅದೂ ಸಾಧ್ಯವಾಗದ ದಿನ 2025ರ ಏಪ್ರಿಲ್ 12. ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ – ಬೆಂಗಳೂರು ಎಫ್‌ಸಿ ಫೈನಲ್ ಸಂಜೆ 7:30ಕ್ಕೆ, ಹೈದರಾಬಾದ್‌ನಲ್ಲಿ ಐಪಿಎಲ್ ಪಂದ್ಯವೂ 7:30ಕ್ಕೆ, ಎರಡೂ ಒಂದೇ ಜಾಲದಲ್ಲಿ. ಯಾವುದಕ್ಕೆ ಮುಖ್ಯ ಚಾನೆಲ್ ಸಿಕ್ಕಿತು ಅಂತ ಹೇಳಬೇಕಾ? ಬಿಎಫ್‌ಸಿ ಹೆಚ್ಚುವರಿ ಅವಧಿಯಲ್ಲಿ 1–2 ಸೋತಿತು.

ಶಾಂತಿನಗರ 7

ಕೊನೆಗೆ ಒಂದು ಪ್ರಾಯೋಗಿಕ ಪ್ರಶ್ನೆ. ಫೋನಿನ ಕ್ಯಾಲೆಂಡರ್‌ನಲ್ಲಿ ಹಾಕಿಟ್ಟುಕೊಂಡರೆ ಗಡಿಯಾರ ಬದಲಾದಾಗ ತಪ್ಪದ ಹಾಗೆ ಹೇಗೆ?

ಓಬಿ ವ್ಯಾನ್

ಈವೆಂಟ್ ಸೇರಿಸುವಾಗ ಸಮಯದ ಕೆಳಗೆ ಟೈಮ್‌ಜೋನ್ ಆಯ್ಕೆ ಇರುತ್ತದೆ. ಅಲ್ಲಿ ಲಂಡನ್ ಆರಿಸಿ, ಅಲ್ಲಿನ ಸಮಯವನ್ನೇ ಬರೆಯಿರಿ. ನಮ್ಮ ಸಮಯಕ್ಕೆ ಫೋನೇ ತಿರುಗಿಸಿಕೊಳ್ಳುತ್ತದೆ. ಜಿಎಂಟಿ ಅಂತ ಆರಿಸಬೇಡಿ, ಅದಕ್ಕೆ ಬೇಸಿಗೆ ಗೊತ್ತಿಲ್ಲ, ಆಗಸ್ಟ್‌ನ ಪಂದ್ಯ ಒಂದು ಗಂಟೆ ತಡವಾಗಿ ತೋರಿಸುತ್ತದೆ. ಅಕ್ಟೋಬರ್ ಕೊನೆಯ ವಾರಾಂತ್ಯದಲ್ಲಿ ಒಂದು ವಿಚಿತ್ರ ನೋಡುತ್ತೀರಿ: ಶನಿವಾರ 3ರ ಪಂದ್ಯವೂ ನಮಗೆ 7:30, ಮರುದಿನ ಭಾನುವಾರ 2ರ ಪಂದ್ಯವೂ 7:30. ತಪ್ಪಲ್ಲ, ನಡುರಾತ್ರಿ ಗಡಿಯಾರ ಹಿಂದೆ ಹೋಗಿರುತ್ತದೆ.

ಶಾಂತಿನಗರ 7

ಹಾಕಿದೆ. ಭಾನುವಾರದ್ದು ಸರಿಯಾಗಿ ರಾತ್ರಿ 10ಕ್ಕೆ ಕೂತಿತು. ಸೋಮವಾರದ್ದು ಮಂಗಳವಾರದ ಕಾಲಂನಲ್ಲಿ 1:30ಕ್ಕೆ ಹೋಗಿ ಕೂತಿದೆ.

ಕುಡ್ಲದ ಕೀಪರ್

ಅಲಾರಂ ಸೋಮವಾರ ಮಲಗುವ ಮೊದಲೇ ಇಡಿ ಮಾರಾಯ್ರೆ. ಮಂಗಳವಾರ ಅಂತ ನೋಡಿ ಮಂಗಳವಾರ ರಾತ್ರಿ ಕಾದು ಕೂತವರು ಬಹಳ ಜನ ಇದ್ದಾರೆ.